ಎಡಬದಿಯ ನೇಯ್ಗೆ

ಸುಶೀಲಾಬಾಯಿಯವರು ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವರು. ಆ ಓಣಿಯಲ್ಲಿ ಹೆಂಗಸರು ನೂಲು ತೋಯಿಸುತ್ತಿದ್ದರು, ಒಣಗಿಸುತ್ತಿದ್ದರು, ಕಂಡಿಕೆ ಸುತ್ತುತ್ತಿದ್ದರು. ಕುಣಿಯೊಳಗೆ ಕಾಲಿಳಿಸಿ ಮಗ್ಗದಲ್ಲಿ ಕೂರುವವರು ಮಾತ್ರ ಗಂಡಸರು. ಅಪ್ಪ ಬೆನ್ನುನೋವಿನಿಂದ ಹಾಸಿಗೆ ಹಿಡಿದ ವರ್ಷ, ಮನೆಯಲ್ಲಿ ಬೇರೆ ಗಂಡಸರಿಲ್ಲದ್ದರಿಂದ, ಹದಿನೇಳರ ಸುಶೀಲಾ ಆ ಕುಣಿಗೆ ಇಳಿದರು. ಒಂದು ವಾರ ಓಣಿಯವರು ಬಾಗಿಲಲ್ಲಿ ನಿಂತು ನೋಡಿ ಹೋದರು. ಆಮೇಲೆ ನೋಡುವುದನ್ನು ಬಿಟ್ಟರು. ಹದಿನೈದು ವರ್ಷ ಅವರು ಸೀರೆ ನೇಯ್ದರು.

ಮದುವೆಯಾದದ್ದು ತಡವಾಗಿ. ಗಂಡ ಗೋಪೀನಾಥ ವೆಂಬ್ಲಿಯ ಈಲಿಂಗ್ ರಸ್ತೆಯ ಒಂದು ಹೋಟೆಲಿನಲ್ಲಿ ಅಡುಗೆಯವರು. ೧೯೯೧ರಲ್ಲಿ ಸುಶೀಲಾಬಾಯಿ ಲಂಡನ್ನಿಗೆ ಬಂದರು. ಅವರ ಮನೆಯಿದ್ದ ಕಟ್ಟಡದಲ್ಲೇ ಮೇಲಿನ ಫ್ಲ್ಯಾಟಿನಲ್ಲಿ ನಾನಿದ್ದೆ. ಅವರಿಗೆ ಮಕ್ಕಳಾಗಲಿಲ್ಲ. ಎರಡು ವರ್ಷ ಸುಶೀಲಾಬಾಯಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಟ್ಯೂಬ್ ರೈಲು ಹೋಗುವುದನ್ನು ನೋಡುವುದನ್ನು ನಾನು ಕಂಡಿದ್ದೇನೆ. ಕೈಗೆ ಕೆಲಸವಿಲ್ಲದಿದ್ದರೆ ಅವರ ಬೆರಳುಗಳು ಸೆರಗಿನ ತುದಿಯನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದವು.

ಗ್ರೀನ್‌ಫರ್ಡ್‌ನಲ್ಲಿ ಕಾಲುವೆಯ ಪಕ್ಕದ ಗೋದಾಮುಗಳ ಸಾಲಿನಲ್ಲಿ ಒಂದು ನೇಯ್ಗೆಯ ವರ್ಕ್‌ಶಾಪ್ ಇತ್ತು. ನೇಯುವವರು ಬೇಕು ಎಂಬ ಜಾಹೀರಾತನ್ನು ಗೋಪೀನಾಥರು ಹೋಟೆಲಿನಲ್ಲಿ ಯಾರೋ ಬಿಟ್ಟುಹೋದ ಪೇಪರಿನಲ್ಲಿ ನೋಡಿ ಹರಿದು ತಂದರು. ವರ್ಕ್‌ಶಾಪನ್ನು ನಡೆಸುತ್ತಿದ್ದವಳು ಮೋಯ್ರಾ ಎಂಬ ಸ್ಕಾಟ್ಲೆಂಡಿನ ಹೆಂಗಸು. ಇಂದಿನ ಕಾಲದ ಚಿತ್ರಕಾರರ ಅಮೂರ್ತ ಚಿತ್ರಗಳನ್ನು ಅವಳು ಉಣ್ಣೆಗೆ ಇಳಿಸುತ್ತಿದ್ದಳು. ಕೆಳಗಿನ ಅಂತಸ್ತಿನಲ್ಲಿ ಬಂದೂಕಿನಂಥ ಯಂತ್ರದಿಂದ ಬಟ್ಟೆಗೆ ಉಣ್ಣೆ ಹೊಡೆದು ರಗ್ಗು ಮಾಡುವವರು. ಮೇಲಿನ ಅಂತಸ್ತಿನಲ್ಲಿ ಗೋಡೆಗೆ ತೂಗುವ ದೊಡ್ಡ ಟ್ಯಾಪೆಸ್ಟ್ರಿಗಳಿಗಾಗಿ ನೆಟ್ಟಗೆ ನಿಂತ ಮಗ್ಗ. ಬ್ಯಾಂಕು, ಹೋಟೆಲುಗಳ ಮೊಗಸಾಲೆಗೆ ಅವು ಹೋಗುತ್ತಿದ್ದವು.

ಸುಶೀಲಾಬಾಯಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಮೋಯ್ರಾ ಒಂದು ತುಂಡು ನೇಯ್ಗೆಯನ್ನು ಅವರ ಕೈಗೆ ಕೊಟ್ಟಳು. ಅವರು ಚಿತ್ರ ನೋಡಲಿಲ್ಲ. ಮಗುಚಿ ಹಿಂಬದಿ ನೋಡಿದರು, ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು, ಒಂದು ಕಡೆ ಹೊಕ್ಕಿನ ಅಡ್ಡ ಎಳೆ ಸಡಿಲಾದದ್ದನ್ನು ಉಗುರಿನಿಂದ ತೋರಿಸಿದರು. ಮೋಯ್ರಾ ಮರುದಿನದಿಂದಲೇ ಬರಹೇಳಿದಳು.

ಆದರೆ ಆ ಚಿತ್ರಗಳು ಮಾತ್ರ ಅವರಿಗೆ ವರ್ಷಗಟ್ಟಲೆ ಅರ್ಥವಾಗಲಿಲ್ಲ. ಸಂಜೆ ನನ್ನ ಮನೆಗೆ ಬಂದು ಹೇಳುತ್ತಿದ್ದರು: "ಅದಕ್ಕ ಅಂಚಿಲ್ಲ, ಸೆರಗಿಲ್ಲ, ಒಂದು ಹೂವಿಲ್ಲ, ಗಿಳಿ ಇಲ್ಲ. ಒಂದು ಹಳದಿ ಡಾಗು, ಅದರ ಮ್ಯಾಲ ಒಂದು ಕರೀ ಗೀಟು. ಅದನ್ನ ಮೂರು ತಿಂಗಳು ನೇಯ್ದೇನ್ರಿ. ಬಣ್ಣ ಮಾತ್ರ ಎಂಥಾ ಬಣ್ಣ ಅಂತೀರಿ!"

ಬಣ್ಣವೇ ಅವರನ್ನು ಅಲ್ಲಿ ಹಿಡಿದಿಟ್ಟದ್ದು. ಒಂದು ಬಾಬಿನ್ನಿಗೆ ಐದು ತೆಳು ಎಳೆಗಳನ್ನು ಕೂಡಿಸಿ ಸುತ್ತಬೇಕು. ನಾಲ್ಕು ನೀಲಿ, ಒಂದು ಬೂದು ಸೇರಿದರೆ ಒಂದು ಬಗೆ. ಆ ಬೂದು ತೆಗೆದು ಹಸಿರು ಸೇರಿಸಿದರೆ ಇನ್ನೊಂದು ಬಗೆ. ಚಿತ್ರಕಾರನ ಬ್ರಷ್ಷು ಎಲ್ಲಿ ಒಣಗಿತ್ತು, ಎಲ್ಲಿ ತೊಯ್ದಿತ್ತು ಎಂಬುದನ್ನೂ ಅವರು ಎಳೆಯ ಲೆಕ್ಕದಲ್ಲಿ ಹಿಡಿಯುತ್ತಿದ್ದರು.

೧೯೯೫ರಲ್ಲಿ ಜೂಡಿತ್ ಬಂದರು. ಉಡುಪಿಯ ಹತ್ತಿರದ ಶಿರ್ವದವರು, ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ಕಸೂತಿ ಕಲಿತಿದ್ದರು. ಗಂಡ ಸ್ಟ್ಯಾನಿಸ್ಲಾಸ್ ಏರ್‌ಪೋರ್ಟಿನ ಸರಕು ವಿಭಾಗದಲ್ಲಿದ್ದರು. ಒಬ್ಬಳೇ ಮಗಳು ಅಶ್ಲಿನ್. ಹ್ಯಾನ್‌ವೆಲ್‌ನಲ್ಲಿ ಮನೆ.

ಮೊದಲ ದಿನ ಊಟದ ಡಬ್ಬಿ ತೆರೆಯುವಾಗ ಜೂಡಿತ್ ಹೆಸರು ಕೇಳಿದರು.

"ಸುಶೀಲಾಬಾಯಿ."

"ಬಾಯಿಯಾ? ನಮ್ಮಲ್ಲಿಯೂ ಹೆಂಗಸರಿಗೆ ಬಾಯಿ ಅಂತಲೇ ಹೇಳುವುದು ಮಾರಾಯ್ತಿ. ಹಾಗಾದ್ರೆ ನೀವೂ ಬಾಯಿ, ನಾನೂ ಬಾಯಿ."

ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಬಾಯಿ ಎಂದೇ ಕರೆದರು. ಒಬ್ಬರದು ಗದಗಿನ ಕನ್ನಡ, ಇನ್ನೊಬ್ಬರದು ಕರಾವಳಿಯದು. ಜೂಡಿತ್ "ಎಂತದು" ಎಂದರೆ ಸುಶೀಲಾಬಾಯಿ ನಗುತ್ತಿದ್ದರು. ಸುಶೀಲಾಬಾಯಿ "ಹೌದಲ್ಲವಾ ಮತ್ತ" ಎಂದರೆ ಜೂಡಿತ್ ಅದನ್ನು ಅದೇ ರಾಗದಲ್ಲಿ ತಿರುಗಿ ಹೇಳುತ್ತಿದ್ದರು. ಲಂಡನ್ನಿಗೆ ಬಂದ ನಾಲ್ಕು ವರ್ಷಗಳಲ್ಲಿ ಸುಶೀಲಾಬಾಯಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಜೂಡಿತ್ ಬಂದಮೇಲೆ ಬಸ್ಸಿನಲ್ಲಿ ಒಬ್ಬರೇ ಕೂತಾಗಲೂ ಅವರ ತುಟಿಯಂಚಿನಲ್ಲಿ ನಗು ಇರುತ್ತಿತ್ತು.

ಜೂಡಿತ್‌ಗೆ ಮಗ್ಗಕ್ಕೆ ಕೂರುವುದನ್ನು ಕಲಿಸಿದ್ದೂ ಸುಶೀಲಾಬಾಯಿಯೇ. ಎರಡು ವರ್ಷದಲ್ಲಿ ಜೂಡಿತ್ ಪಳಗಿದರು. ಅವರ ಹೊಡೆತ ಸುಶೀಲಾಬಾಯಿಯದಕ್ಕಿಂತ ಬಿಗಿ. ಹಣಿಗೆಯಿಂದ ಹೊಕ್ಕನ್ನು ಎರಡು ಸಲ ಒತ್ತುವ ಅಭ್ಯಾಸ ಅವರಿಗೆ.

೧೯೯೮ರ ಮೊದಲಲ್ಲಿ ದೊಡ್ಡ ಕೆಲಸ ಬಂತು. ಹೊಸ ಬ್ಯಾಂಕು ಕಟ್ಟಡವೊಂದರ ಮೊಗಸಾಲೆಗೆ ಹದಿನೆಂಟು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಟ್ಯಾಪೆಸ್ಟ್ರಿ. ಚಿತ್ರ ಬರೆದವನು ಕಾರ್ನ್‌ವಾಲ್‌ನ ಒಬ್ಬ ಮುದುಕ. ಚಿತ್ರದಲ್ಲಿದ್ದದ್ದು ಇಷ್ಟು: ಬಲಗಡೆ ತುಕ್ಕಿನ ಬಣ್ಣದ ಒಂದು ದೊಡ್ಡ ಹರವು, ಎಡಗಡೆ ಪೂರಾ ಚೌಕವಾಗಲು ಒಪ್ಪದ ಒಂದು ನೀಲಿ, ಆ ನೀಲಿಯನ್ನು ಸೀಳಿಕೊಂಡು ಮೇಲಕ್ಕೆ ಓರೆಯಾಗಿ ಏರುವ ಒಂದು ಕಪ್ಪು ಗೆರೆ.

"ಇದು ಮಲ್ಪೆ ಸಮುದ್ರ," ಎಂದರು ಜೂಡಿತ್. "ಆ ಕಪ್ಪು ದೋಣಿಯ ಕಂಬ."

"ಸಮುದ್ರನೂ ಅಲ್ಲ, ಕಂಬನೂ ಅಲ್ಲ. ನೀಲಿ ಐತಿ, ಕಪ್ಪೈತಿ, ಅಷ್ಟ."

"ಹಾಗಾದ್ರೆ ನೀನು ಆಚೆ ಕೂತ್ಕೊ. ನಾನು ಸಮುದ್ರ ನೇಯ್ತೇನೆ."

ಎಡಬದಿ ಜೂಡಿತ್, ಬಲಬದಿ ಸುಶೀಲಾಬಾಯಿ. ನೇಯ್ಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನೇಯ್ದದ್ದು ಕೆಳಗಿನ ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಹಾಗಾಗಿ ಕಣ್ಣಿಗೆ ಕಾಣುವುದು ಇತ್ತೀಚಿನ ಗೇಣುದ್ದ ಮಾತ್ರ. ಮೈಗೆ ಮೈ ತಾಗುವಂತೆ ಒಂದೇ ಹಲಗೆಯ ಮೇಲೆ ಕೂತು ಇಬ್ಬರೂ ಹತ್ತು ತಿಂಗಳು ನೇಯ್ದರು. ಜೂಡಿತ್ ರೋಸರಿ ಜಪಮಾಲೆಯ ಲೆಕ್ಕದಲ್ಲಿ ಎಳೆ ಎಣಿಸುತ್ತಿದ್ದರು. ಸುಶೀಲಾಬಾಯಿ ಬೆಟಗೇರಿಯ ಸುದ್ದಿ ಹೇಳುತ್ತಿದ್ದರು. ನಡುವೆ ತುಕ್ಕು ನೀಲಿಯನ್ನು ಸೇರುವ ಜಾಗದಲ್ಲಿ ಒಬ್ಬರ ಎಳೆ ಇನ್ನೊಬ್ಬರ ಎಳೆಯೊಳಗೆ ಕೊಂಡಿ ಹಾಕಬೇಕಿತ್ತು. ಅಲ್ಲಿ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ನೇಯ್ದದ್ದು ಒಟ್ಟು ಸೊಂಟದೆತ್ತರದಷ್ಟಾದಾಗ ಜೂಡಿತ್‌ಗೆ ಹೊಟ್ಟೆಯಲ್ಲಿ ಗಂಟು ಕಂಡಿತು. ಆಪರೇಷನ್ ಆಯಿತು. ನಂತರ ಕೀಮೋ. ಚಳಿಗಾಲವಿಡೀ ಎಡಬದಿಯಲ್ಲಿ ಮೋಯ್ರಾ ಕೂತಳು. ಅವಳು ಒಳ್ಳೆಯ ನೇಕಾರಳೇ, ಆದರೆ ಮಾತಾಡುವವಳಲ್ಲ.

೧೯೯೯ರ ಈಸ್ಟರ್ ಕಳೆದು ಜೂಡಿತ್ ಕೆಲಸಕ್ಕೆ ವಾಪಸು ಬಂದರು. ತಲೆಗೆ ಸ್ಕಾರ್ಫ್, ಕೆನ್ನೆಯ ಮೂಳೆ ಮೇಲೆದ್ದಿತ್ತು. ಔಷಧದಿಂದ ಬೆರಳ ತುದಿಗಳು ಮರಗಟ್ಟಿದ್ದವು. ಎಳೆ ಕೈಯಲ್ಲಿದೆಯೋ ಇಲ್ಲವೋ ಅವರಿಗೆ ನೋಡಿದರಷ್ಟೇ ಗೊತ್ತಾಗುತ್ತಿತ್ತು. ಆದರೂ ಹಲಗೆಯ ಮೇಲೆ ಕೂತು, "ನನ್ನ ಕಂಬ ಯಾರೂ ಮುಟ್ಟಬೇಡಿ, ಅದು ನಾನೇ ಮಾಡ್ತೇನೆ," ಎಂದರು. ಮೋಯ್ರಾ ಒಪ್ಪಿದಳು. ಕಪ್ಪು ಗೆರೆಯ ಭಾಗ ಜೂಡಿತ್‌ಗೆ, ಸುತ್ತಲಿನ ನೀಲಿ ಮೋಯ್ರಾಗೆ. ಜೂಡಿತ್ ಹತ್ತು ಗಂಟೆಗೆ ಬರುವುದು, ಮೂರಕ್ಕೆ ಹೋಗುವುದು. ದಿನಕ್ಕೆ ಅರ್ಧ ಇಂಚು ಏರಿದರೆ ಹೆಚ್ಚು.

ಒಂದು ವಾರ ಕಳೆಯಿತು. ಗೆರೆ ಕೆಟ್ಟಿತ್ತು. ಒಂದು ಕಡೆ ಹೊಕ್ಕು ಬಿಗಿಯಾಗಿ, ನೆಟ್ಟಗಿನ ಹಾಸಿನ ಎಳೆಗಳನ್ನು ಒಳಕ್ಕೆ ಎಳೆದಿತ್ತು, ಇನ್ನೊಂದು ಕಡೆ ಸಡಿಲಾಗಿ ಉಬ್ಬಿತ್ತು. ಜೂಡಿತ್ ಹೋದಮೇಲೆ ಮೋಯ್ರಾ ಸುಶೀಲಾಬಾಯಿಯನ್ನು ಮಗ್ಗದ ಹತ್ತಿರ ಕರೆದಳು. ಅಷ್ಟು ಹೊತ್ತಿಗೆ ಸುಶೀಲಾಬಾಯಿಗೆ ವರ್ಕ್‌ಶಾಪಿನ ಮಟ್ಟಿಗೆ ಇಂಗ್ಲಿಷು ಬರುತ್ತಿತ್ತು.

"ಇದನ್ನು ಹೀಗೆ ಕಳಿಸಲಿಕ್ಕಾಗುವುದಿಲ್ಲ," ಎಂದಳು ಮೋಯ್ರಾ. "ಅವಳಿಗೆ ಬರಬೇಡ ಎನ್ನಲಿಕ್ಕೂ ನನ್ನಿಂದಾಗುವುದಿಲ್ಲ. ಬೆಳಿಗ್ಗೆ ಅವಳು ಬರುವ ಮುಂಚೆ ನೀನು ಬಿಚ್ಚಿ ಮತ್ತೆ ನೇಯ್ದುಬಿಡುತ್ತೀಯಾ? ಅವಳಿಗೆ ಗೊತ್ತಾಗಬಾರದು."

ಸುಶೀಲಾಬಾಯಿ ಹ್ಞೂಂ ಎಂದರು. ಯೋಚಿಸದೆ ಹ್ಞೂಂ ಎಂದೆ ಎಂದು ಮುಂದೆ ನನ್ನ ಹತ್ತಿರ ಅವರು ಎಷ್ಟೋ ಸಲ ಹೇಳಿದ್ದಾರೆ. "ಬಾಯಿ ಸಲುವಾಗಿ ಅಂತ ಅನ್ಕೊಂಡೆ. ಖರೇ ಹೇಳಬೇಕಂದ್ರ, ಆ ಕೆಟ್ಟ ನೇಯ್ಗಿ ನನ್ನ ಕಣ್ಣಿಗೂ ಚುಚ್ಚತಿತ್ತು."

ಅಂದಿನಿಂದ ಅವರು ಬೆಳಗಿನ ಮೊದಲ ಬಸ್ಸು ಹಿಡಿದರು. ಆರೂವರೆಗೆ ಮಗ್ಗದ ಮುಂದೆ ಕೂತು, ಮೊಂಡು ಸೂಜಿಯಿಂದ ಜೂಡಿತ್‌ರ ಹಿಂದಿನ ದಿನದ ಅರ್ಧ ಇಂಚನ್ನು ಎಳೆ ಎಳೆಯಾಗಿ ಬಿಚ್ಚುವುದು. ಅದೇ ಕಪ್ಪಿನ ಬಾಬಿನ್ನಿನಿಂದ ಮತ್ತೆ ನೇಯುವುದು. ಜೂಡಿತ್‌ರ ಕೈಯೇ ಅನ್ನಿಸಬೇಕೆಂದು ಹಣಿಗೆಯನ್ನು ಎರಡು ಸಲ ಒತ್ತುವುದು.

ಹತ್ತಕ್ಕೆ ಜೂಡಿತ್ ಬಂದು, ಕೋಟು ತೆಗೆದು, ಕನ್ನಡಕ ಹಾಕಿಕೊಂಡು ಮೊದಲು ಗೆರೆಯನ್ನು ನೋಡುತ್ತಿದ್ದರು.

"ಬಾಯಿ, ಇಲ್ಲಿ ನೋಡು. ಸಂಜೆ ಹೋಗುವಾಗ ಹಾಳಾಗಿದೆ ಅಂತ ಕಾಣ್ತದೆ ನನಗೆ. ಬೆಳಿಗ್ಗೆ ನೋಡಿದ್ರೆ ಸರಿಯೇ ಉಂಟು. ಕಣ್ಣು ದಣಿದಿರ್ತದೆ ಅಲ್ವಾ?"

"ಹೌದಲ್ಲವಾ ಮತ್ತ," ಎನ್ನುತ್ತಿದ್ದರು ಸುಶೀಲಾಬಾಯಿ.

ಒಂಬತ್ತು ವಾರ ಹೀಗೆ ನಡೆಯಿತು. ಜೂಡಿತ್‌ರ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಹಳೆಯ ತಮಾಷೆಗಳೂ ಬಂದವು. ನಗುತ್ತಿದ್ದರೂ ಸುಶೀಲಾಬಾಯಿ ಅವರ ಕಣ್ಣು ತಪ್ಪಿಸುತ್ತಿದ್ದರು. ಮನೆಯಲ್ಲಿ ಗೋಪೀನಾಥರೊಂದಿಗೂ ಮಾತು ಕಡಿಮೆಯಾಯಿತು. "ಆಕೀಗೆ ಹೇಳಿಬಿಡು," ಎಂದು ಅವರು ಒಮ್ಮೆ ಅಂದರಂತೆ. "ಮುಗೀಲಿ, ಹೇಳತೀನಿ," ಎಂದು ಇವರು ತಳ್ಳಿಹಾಕಿದರಂತೆ.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಬಿಚ್ಚುವಾಗ ಕಪ್ಪಿನ ನಡುವೆ ಒಂದು ಕೆಂಪು ಎಳೆ ಸಿಕ್ಕಿತು. ಕಣ್ಣು ಮಂಜಾಗಿ ಜೂಡಿತ್ ತಪ್ಪು ಎಳೆ ಹಾಕಿದ್ದಾರೆ ಎಂದುಕೊಂಡು ಸುಶೀಲಾಬಾಯಿ ಅದನ್ನು ಚಿಂದಿಯ ಬುಟ್ಟಿಗೆ ಹಾಕಿದರು. ಅಂದು ಬಂದ ಜೂಡಿತ್ ಗೆರೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೆಲಸಕ್ಕೆ ಕೂತರು. ಮರುದಿನ ಬೆಳಿಗ್ಗೆ ಮತ್ತೆ ಕೆಂಪು ಎಳೆ ಸಿಕ್ಕಿತು. ಅದನ್ನೂ ಬಿಚ್ಚಿ ಹಾಕಿದರು.

ಮೂರನೆಯ ದಿನ ಏಳೂಕಾಲಿಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಸುಶೀಲಾಬಾಯಿ ತಿರುಗಿದಾಗ ಜೂಡಿತ್ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ಸುಶೀಲಾಬಾಯಿಯ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಬಿಚ್ಚಿದ ಕಪ್ಪು ಉಣ್ಣೆ, ಅದರಲ್ಲಿ ಕೆಂಪು ಎಳೆ.

"ಎಷ್ಟು ದಿನದಿಂದ?" ಎಂದರು ಜೂಡಿತ್.

"ಬಾಯಿ, ಕೂಡು ಮೊದಲ. ದಮ್ಮು ಹತ್ತೇತಿ ನಿನಗ."

"ಎಷ್ಟು ದಿನದಿಂದ ಅಂತ ಕೇಳಿದ್ದು."

"ನೀ ವಾಪಸ್ ಬಂದ ಮುಂದಿನ ವಾರದಿಂದ."

"ಪೂರಾ?"

"ಪೂರಾ ಅಲ್ಲ. ಅಲ್ಲಲ್ಲಿ..."

"ಸುಳ್ಳು ಹೇಳಬೇಡ."

ಸುಶೀಲಾಬಾಯಿ ತಲೆ ತಗ್ಗಿಸಿದರು. "ಪೂರಾ."

ಜೂಡಿತ್ ಹತ್ತಿರ ಬಂದು ಅವರ ಕೈಯಿಂದ ಆ ಕೆಂಪು ಎಳೆಯನ್ನು ಬಿಡಿಸಿಕೊಂಡರು. ಮರಗಟ್ಟಿದ ಬೆರಳಿಗೆ ಅದು ಬೇಗ ಸಿಗಲಿಲ್ಲ. "ಅಶ್ಲಿನ್ ಸಣ್ಣದಿರುವಾಗ ಹಾಕುತ್ತಿದ್ದ ಸ್ವೆಟರಿನದ್ದು," ಎಂದರು. "ಯಾರಿಗೂ ಕಾಣದ ಹಾಗೆ ಒಂದು ಎಳೆ ಇರಲಿ ಅಂತ ಹಾಕಿದ್ದು. ಮರುದಿನ ಇಲ್ಲ. ನನಗೆ ತಲೆಯೂ ಸರಿ ಇಲ್ಲವಾ ಅಂತ ಹೆದರಿಕೆ ಆಯಿತು. ಅದಕ್ಕೆ ಮತ್ತೆರಡು ಸಲ ಹಾಕಿದ್ದು."

"ಮೋಯ್ರಾ ಹೇಳಿದಳು ಬಾಯಿ. ನಿನಗ ನೋವಾಗಬಾರದು ಅಂತ..."

"ಮೋಯ್ರಾ ನನಗೆ ಯಾರು? ನೀನು ಹೇಳಬೇಕಿತ್ತು. ಹೇಳಿದ್ರೆ ನಾನು ನಿನ್ನ ಪಕ್ಕ ಕೂತು ನೂಲು ಸುತ್ತಿ ಕೊಡ್ತಿದ್ದೆ. ಅಷ್ಟು ಆಗ್ತಿತ್ತು ನನ್ನಿಂದ."

ತಮ್ಮ ಹಣಿಗೆಯನ್ನೂ ಕನ್ನಡಕದ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಅವರು ಮೆಟ್ಟಿಲಿಳಿದರು. ಮತ್ತೆ ವರ್ಕ್‌ಶಾಪಿಗೆ ಬರಲಿಲ್ಲ.

ಆ ಬೇಸಿಗೆಯಲ್ಲಿ ಸುಶೀಲಾಬಾಯಿ ಹ್ಯಾನ್‌ವೆಲ್‌ನ ಮನೆಗೆ ಮೂರು ಸಲ ಹೋದರು. ಮೊದಲ ಸಲ ಗೋಪೀನಾಥರು ಮಾಡಿಕೊಟ್ಟ ಅನ್ನದ ಗಂಜಿ ಒಯ್ದಿದ್ದರು. ಮೂರು ಸಲವೂ ಬಾಗಿಲು ತೆರೆದವಳು ಅಶ್ಲಿನ್. ಹದಿನೇಳರ ಹುಡುಗಿ, ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮಮ್ಮಿ ಮಲಗಿದ್ದಾಳೆ, ಆಂಟಿ," ಎನ್ನುತ್ತಿದ್ದಳು, ಸಂಕೋಚದಿಂದ. ಒಳಗೆ ಟಿವಿಯ ಸದ್ದು, ಜೂಡಿತ್ ಕೆಮ್ಮುವುದು ಕೇಳುತ್ತಿತ್ತು. ಸುಶೀಲಾಬಾಯಿ ಡಬ್ಬಿ ಕೊಟ್ಟು ಬಸ್ ಸ್ಟಾಪಿಗೆ ನಡೆಯುತ್ತಿದ್ದರು.

ನಾಲ್ಕನೆಯ ಸಲ, ಸೆಪ್ಟೆಂಬರಿನಲ್ಲಿ, ಸ್ಟ್ಯಾನಿಸ್ಲಾಸ್ ಬಾಗಿಲು ತೆರೆದು ಒಳಗೆ ಕರೆದರು. ಕಾಯಿಲೆ ಮರಳಿ ಬಂದಿತ್ತು. ಜೂಡಿತ್ ಮುಂದಿನ ಕೋಣೆಯಲ್ಲಿ ಹಾಕಿದ್ದ ಮಂಚದ ಮೇಲಿದ್ದರು. ಮುಖ ಅಂಗೈಯಗಲ ಆಗಿತ್ತು.

"ಎಲ್ಲಿವರೆಗೆ ಬಂತು?" ಎಂದು ಅವರೇ ಕೇಳಿದರು.

"ನೀಲಿ ಮುಗೀತು. ಕಪ್ಪು ಗೀಟು ಇನ್ನೊಂದು ಗೇಣು ಐತಿ." ಸುಶೀಲಾಬಾಯಿ ಮಂಚದ ಅಂಚಿಗೆ ಕೂತರು. "ಬಾಯಿ, ಅವತ್ತು ನಾ..."

"ಅದು ಬೇಡ. ಅದು ಮಾತಾಡ್ಲಿಕ್ಕೆ ಬಂದದ್ದಾದ್ರೆ ಹೋಗು."

ಸುಶೀಲಾಬಾಯಿ ಏಳಲಿಲ್ಲ, ಸರಿದಿದ್ದ ಹೊದಿಕೆಯನ್ನು ಎಳೆದು ಹೊದೆಸಿದರು. ಜೂಡಿತ್ ಗೋಡೆ ನೋಡುತ್ತ ಹೇಳಿದರು: "ನನಗೆ ಇನ್ನೂ ಸಿಟ್ಟುಂಟು ಬಾಯಿ. ಸಾಯುವವರೆಗೆ ಇರ್ತದೆ ಅಂತ ಕಾಣ್ತದೆ. ಏನು ಮಾಡಿದ್ರೂ ಹೋಗುವುದಿಲ್ಲ. ಆದ್ರೂ ನೀನು ಬಾ. ಶನಿವಾರ ಬಾ."

ಆರು ಶನಿವಾರ ಹೋದರು. ಕಾಲು ಒತ್ತಿದರು, ತುಟಿಗೆ ನೀರು ಹಚ್ಚಿದರು, ಕೂದಲು ಮತ್ತೆ ಬರುತ್ತಿದ್ದ ತಲೆಗೆ ಕೊಬ್ಬರಿ ಎಣ್ಣೆ ಸವರಿದರು. ಮಾತು ಊರಿನದು, ಮೀನಿನದು, ಮಗಳ ಓದಿನದು. ಒಮ್ಮೆಯೂ ನಗು ಬರಲಿಲ್ಲ. ನವೆಂಬರಿನ ಮೊದಲ ವಾರ, ಮಂಗಳವಾರ ಹನ್ನೊಂದು ಗಂಟೆಗೆ ಜೂಡಿತ್ ತೀರಿಕೊಂಡರು. ಸುಶೀಲಾಬಾಯಿ ಆಗ ಮಗ್ಗದ ಮುಂದಿದ್ದರು. ಮೋಯ್ರಾ ಫೋನು ಇಟ್ಟು ಬಂದು ಅವರ ಭುಜದ ಮೇಲೆ ಕೈಯಿಟ್ಟಳು. ಅವರು ಆ ಸಾಲು ಮುಗಿಸಿ, ಬಾಬಿನ್ ಕೆಳಗಿಟ್ಟು, ಹೊರಗೆ ಕಾಲುವೆಯ ದಂಡೆಗೆ ಹೋಗಿ ನಿಂತರು. ಚರ್ಚಿನಲ್ಲಿ ಕೊಂಕಣಿ ಹಾಡುಗಳನ್ನು ಹಾಡುವಾಗ ಕೊನೆಯ ಬೆಂಚಿನಲ್ಲಿ ನಾನು ಅವರ ಪಕ್ಕ ಕೂತಿದ್ದೆ. ಅವರು ಅಳಲಿಲ್ಲ. ಅಳುವುದಕ್ಕೆ ತನಗೆ ಹಕ್ಕಿಲ್ಲ ಎಂಬಂತೆ ಕೂತಿದ್ದರು.

೨೦೦೦ದ ಜನವರಿಯಲ್ಲಿ ಟ್ಯಾಪೆಸ್ಟ್ರಿ ಮುಗಿಯಿತು. ಮಗ್ಗದಿಂದ ಕತ್ತರಿಸಿ ಇಳಿಸುವ ದಿನ ಅದಕ್ಕೆ ಕೈಹಾಕಿದವರೆಲ್ಲ ಒಂದೊಂದು ಹಾಸಿನ ಎಳೆ ಕತ್ತರಿಸುವುದು ಅಲ್ಲಿನ ಪದ್ಧತಿ. ಮೋಯ್ರಾ ಸ್ಟ್ಯಾನಿಸ್ಲಾಸ್‌ರನ್ನೂ ಅಶ್ಲಿನ್‌ಳನ್ನೂ ಕರೆಸಿದ್ದಳು. ಜೂಡಿತ್‌ರ ಪಾಲಿನ ಎಳೆಯನ್ನು ಮಗಳು ಕತ್ತರಿಸಿದಳು. ಉರುಳೆ ಬಿಚ್ಚಿ ಇಡೀ ನೇಯ್ಗೆಯನ್ನು ನೆಲದ ಮೇಲೆ ಹರಡಿದಾಗ ಮೊದಲ ಬಾರಿಗೆ ಅದು ಪೂರ್ತಿ ಕಂಡಿತು.

ಅಶ್ಲಿನ್ ಬೂಟು ಬಿಚ್ಚಿಟ್ಟು ಅಂಚಿನಲ್ಲಿ ಮೊಣಕಾಲೂರಿದಳು. "ಮಮ್ಮಿ ಮಾಡಿದ್ದು ಯಾವುದು, ಆಂಟಿ?"

ಸುಶೀಲಾಬಾಯಿ ತೋರಿಸಿದರು. ಕೆಳಗಿನ ಎಡಬದಿ, ಅರ್ಧ ನೀಲಿಯವರೆಗೆ. "ಇಲ್ಲೀತನಕ ಎಲ್ಲಾ ನಿಮ್ಮವ್ವಂದ. ಕೈಯಿಟ್ಟು ನೋಡು. ಬಿಗಿ ಐತಿ."

ಹುಡುಗಿ ಅಂಗೈಯಿಂದ ಸವರಿ ನೋಡಿದಳು. ನಂತರ ಮೇಲಕ್ಕೆ ಕಪ್ಪು ಗೆರೆಯ ಹತ್ತಿರ ಸರಿದಳು. "ಮತ್ತೆ ಇದು? ವಾಪಸು ಬಂದಮೇಲೆ ಮಾಡಿದ್ದು?"

ಮೋಯ್ರಾ ಸುಶೀಲಾಬಾಯಿಯನ್ನು ನೋಡಿದಳು. ಹೌದು, ಅದೂ ಅವಳದೇ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಜೂಡಿತ್ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ ಎಂಬುದು ಆ ಪ್ರಶ್ನೆಯಿಂದಲೇ ತಿಳಿಯುತ್ತಿತ್ತು.

"ಅದು ನಿಮ್ಮವ್ವಂದಲ್ಲವ್ವಾ," ಎಂದರು ಸುಶೀಲಾಬಾಯಿ. "ಆಕಿ ನೇಯ್ದದ್ದನ್ನ ನಾ ದಿನಾ ಬಿಚ್ಚತಿದ್ದೆ. ಆಕೀಗೆ ಹೇಳದ ಬಿಚ್ಚಿ, ನಾ ನೇಯ್ದೆ. ಗೊತ್ತಾದ ದಿನಾನ ಆಕಿ ಕೆಲಸಾ ಬಿಟ್ಟಳು."

ಸ್ಟ್ಯಾನಿಸ್ಲಾಸ್ ಕಿಟಕಿಯ ಕಡೆ ತಿರುಗಿ ನಿಂತರು. ಅಶ್ಲಿನ್ ಬಹಳ ಹೊತ್ತು ಗೆರೆಯ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಆ ದಿನಗಳಲ್ಲಿ ಮಮ್ಮಿ ಖುಷಿಯಾಗಿ ಮನೆಗೆ ಬರುತ್ತಿದ್ದಳು. ಇವತ್ತು ಅರ್ಧ ಇಂಚು ಅಂತ ಬೆರಳಲ್ಲಿ ತೋರಿಸುತ್ತಿದ್ದಳು. ಕಾಯಿಲೆ ಬಂದಮೇಲೆ ಅವಳು ಖುಷಿಯಾಗಿದ್ದದ್ದು ಅದೊಂದೇ ಕಾಲ."

ಅಷ್ಟೇ. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಬೂಟು ಹಾಕಿಕೊಂಡು ಅಪ್ಪನೊಂದಿಗೆ ಹೊರಟಳು. ಬೈದಿದ್ದರೆ ಹಗುರಾಗುತ್ತಿತ್ತು ಎಂದರು ಸುಶೀಲಾಬಾಯಿ ನನಗೆ. ಆ ಮಾತು ಕೇಳಿದ ಮೇಲೆ, ತಾನು ಮಾಡಿದ್ದು ಏನು ಎಂಬುದೇ ಅವರಿಗೆ ತಿಳಿಯದೆ ಹೋಯಿತು. ಒಂದು ದಿನ ಅದು ದ್ರೋಹವಾಗಿ ಕಾಣುತ್ತಿತ್ತು. ಇನ್ನೊಂದು ದಿನ, ಗೆಳತಿಗೆ ಕೊಟ್ಟ ಒಂಬತ್ತು ವಾರವಾಗಿ.

ಮುಂದೆ ಕೆಲಸ ಕಡಿಮೆಯಾಗುತ್ತ ಬಂತು. ಯಂತ್ರದಲ್ಲಿ ಮಾಡಿದ ಅಂಥದೇ ರಗ್ಗುಗಳು ಅಂಗಡಿಗೆ ಬಂದವು. ೨೦೦೫ರಲ್ಲಿ ಮೋಯ್ರಾ ವರ್ಕ್‌ಶಾಪ್ ಮುಚ್ಚಿ ಸ್ಕಾಟ್ಲೆಂಡಿಗೆ ಹೋದಳು. ಸುಶೀಲಾಬಾಯಿ ಅದೇ ಗೋದಾಮುಗಳ ಸಾಲಿನಲ್ಲಿ ಬಟ್ಟೆ ಮಡಿಸಿ ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದರು. ವರ್ಷಕ್ಕೊಮ್ಮೆ, ಜೂಡಿತ್ ತೀರಿಕೊಂಡ ದಿನ, ಟ್ಯೂಬ್ ಹತ್ತಿ ಆ ಬ್ಯಾಂಕಿಗೆ ಹೋಗುತ್ತಿದ್ದರು. ಮೊಗಸಾಲೆಯ ಕುರ್ಚಿಯಲ್ಲಿ ಹತ್ತು ನಿಮಿಷ ಕೂರುತ್ತಿದ್ದರು. ಗೋಡೆಯ ಪಕ್ಕದ ಫಲಕದಲ್ಲಿ ಚಿತ್ರಕಾರನ ಹೆಸರಿತ್ತು, ವರ್ಕ್‌ಶಾಪಿನ ಹೆಸರಿತ್ತು.

೨೦೦೮ರ ನವೆಂಬರಿನಲ್ಲಿ ಹೋದಾಗ ಗೋಡೆ ಖಾಲಿಯಾಗಿತ್ತು. ಬ್ಯಾಂಕು ಬೇರೆಡೆಗೆ ಹೋಗಿತ್ತು. ಹೊಸಬರು ಬಣ್ಣ ಬಳಿಸುತ್ತಿದ್ದರು. ಅಲ್ಲಿದ್ದ ನೇಯ್ಗೆ ಏನಾಯಿತೆಂದು ಕೇಳಿದರೆ ರಿಸೆಪ್ಷನ್ನಿನ ಹುಡುಗಿಗೆ ಗೊತ್ತಿರಲಿಲ್ಲ. ಒಂದು ವಿಳಾಸ ಕೊಟ್ಟಳು. ನನ್ನಿಂದ ಪತ್ರ ಬರೆಸಿದರು. ಉತ್ತರ ಬರಲಿಲ್ಲ. ಮತ್ತೊಂದು ಬರೆಸಿದರು.

ಎರಡು ವಾರ ಕಾದು, ಕೊನೆಗೆ ಅಶ್ಲಿನ್‌ಗೆ ಫೋನು ಮಾಡಿದರು. ಅವಳು ಆಗ ಟೂಟಿಂಗ್‌ನಲ್ಲಿ ನರ್ಸ್ ಆಗಿದ್ದಳು. ಕ್ರಿಸ್‌ಮಸ್‌ಗೆ ಕಾರ್ಡು ಕಳಿಸುವುದು ಬಿಟ್ಟರೆ ಇಬ್ಬರ ನಡುವೆ ಮಾತುಕತೆ ಇರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ.

"ಅದು ಅಲ್ಲಿ ಇಲ್ಲವ್ವಾ," ಎಂದರು ಸುಶೀಲಾಬಾಯಿ. "ತಗದಾರ. ಎಲ್ಲಿ ಒಯ್ದಾರೋ ಗೊತ್ತಿಲ್ಲ. ಪ್ರತಿ ವರ್ಷ ಹೋಗತಿದ್ದೆ, ನೋಡಿ ಬರತಿದ್ದೆ."

ಆ ಕಡೆಯಿಂದ ಅಶ್ಲಿನ್ ಕನ್ನಡದಲ್ಲಿ, ತೊದಲುತ್ತ, ಅಮ್ಮನ ಕರಾವಳಿಯ ಕನ್ನಡದಲ್ಲಿ ಹೇಳಿದಳು: "ನೀವು ಒಬ್ಬರೇ ಹೋಗಬಾರದಿತ್ತು, ಆಂಟಿ. ನನಗೂ ಹೇಳಬೇಕಿತ್ತು. ನಾನೂ ಬರ್ತಿದ್ದೆ."

ಸುಶೀಲಾಬಾಯಿ ರಿಸೀವರನ್ನು ಎದೆಗೊತ್ತಿಕೊಂಡು ಅತ್ತರು. ಒಂಬತ್ತು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಗೋಪೀನಾಥರು ಅಡುಗೆಮನೆಯಿಂದ ಬಂದು, ಅವರ ಕೈಯಿಂದ ಫೋನು ತೆಗೆದುಕೊಂಡು ಹುಡುಗಿಗೆ ಭಾನುವಾರ ಊಟಕ್ಕೆ ಬರಹೇಳಿದರು.

ಅಶ್ಲಿನ್ ಬಂದಳು. ಊಟವಾದ ಮೇಲೆ ಇಬ್ಬರೂ ಸೋಫಾದ ಮೇಲೆ ಕೂತರು. ಹೇಳುವುದಕ್ಕೆ ಇಬ್ಬರಿಗೂ ಹೆಚ್ಚೇನೂ ಇರಲಿಲ್ಲ. ಹುಡುಗಿ ಸಂಜೆಯವರೆಗೆ ಇದ್ದು ಹೋದಳು.